ವಡೆಯ ತೂತು, ಡೋನಟ್ಟಿನ ತೂತು

ಎಲ್ಲರ ಮನೆಯ ದೋಸೆಯೂ ತೂತೇ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ವಡೆಯ ತೂತಿನ ವಿಷಯದಲ್ಲಿ ಅವರು ಅಷ್ಟಾಗಿ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ದೋಸೆಯ ತೂತು ತಾನಾಗಿ ಬೀಳುವುದು, ವಡೆಯ ತೂತು ನಾವು ಬೇಕೆಂದೇ ಮಾಡುವುದು. ಬೇಕೆಂದೇ ಮಾಡಿದ್ದರಲ್ಲಿ ಗಾದೆಗೆ ಒದಗುವ ಲೋಪವೇನಿದೆ ಎಂದು ಬಿಟ್ಟಿರಬಹುದು. ಆದರೆ ಆ ತೂತಿನಿಂದಲೇ ನಮ್ಮ ಮನೆಯಲ್ಲಿ ಒಂದು ಪ್ರಸಂಗ ನಡೆದು, ಅದರ ವಿಚಾರ ಮಾಡದೆ ಇರಲು ಆಗಲಿಲ್ಲ. ಓದುಗ ಬಂಧುಗಳು ಸ್ವಲ್ಪ ಸಹನೆಯಿಂದ ಕೇಳಬೇಕು.

ಕಳೆದ ಆಷಾಢದಲ್ಲಿ ನಮ್ಮ ತಾಯಿಯವರ ವಾರ್ಷಿಕ ಶ್ರಾದ್ಧ. ಪಶ್ಚಿಮ ಮಾಂಬಲದ ನಮ್ಮ ಬಾಡಿಗೆ ಮನೆಯಲ್ಲಿಯೇ ಯಥಾಶಕ್ತಿ ನಡೆಯಿತು. ಶ್ರಾದ್ಧವೆಂದ ಮೇಲೆ ಉದ್ದಿನ ವಡೆ ಇರಲೇಬೇಕಷ್ಟೆ. ಅಡಿಗೆಯವರು ಮೆಣಸು ಹಾಕಿ ಬಹಳ ಚೆನ್ನಾಗಿಯೇ ಮಾಡಿದ್ದರು. ಬ್ರಾಹ್ಮಣರ ಊಟವಾಗಿ ನಾವೂ ಎಲೆಯ ಮುಂದೆ ಕುಳಿತಾಗ, ಎಂಟನೆಯ ತರಗತಿಯಲ್ಲಿರುವ ನಮ್ಮ ಮಗಳು ನ್ಯೂಜೆರ್ಸಿಯಲ್ಲಿರುವ ತನ್ನ ದೊಡ್ಡಪ್ಪನ ಮಗಳಿಗೆ ಫೋನಿನಲ್ಲಿ ಎಲೆಯನ್ನು ತೋರಿಸುತ್ತಿದ್ದಳು. ಅಲ್ಲೇ ಹುಟ್ಟಿ ಬೆಳೆದ ಆ ಹುಡುಗಿ ವಡೆಯನ್ನು ನೋಡಿ ಇದೇನೆಂದು ಕೇಳಿದಳು. ನಮ್ಮವಳು ತಡಮಾಡದೆ, ಅದೊಂದು ಬಗೆಯ ಉಪ್ಪಿನ ಡೋನಟ್ ಎಂದು ಇಂಗ್ಲಿಷಿನಲ್ಲಿ ತಿಳಿಸಿದಳು. ಹಾಗಾದರೆ ಅಜ್ಜಿಗೆ ಡೋನಟ್ ಇಷ್ಟವಾಗಿತ್ತೇ ಎಂದು ಆಕೆ ಕೇಳಿದಳು. ಇಬ್ಬರೂ ನಕ್ಕರು. ಮಕ್ಕಳ ನಗುವಿನಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ನಮ್ಮ ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು. ತುಮಕೂರಿನ ಮನೆಯ ಹಿತ್ತಲಲ್ಲಿ ಒರಳಿನ ಮುಂದೆ ಕಾಲು ಚಾಚಿ ಕುಳಿತು ಉದ್ದು ರುಬ್ಬುತ್ತಿದ್ದ ನಮ್ಮ ತಾಯಿಯವರು ಡೋನಟ್ ಎಂಬ ಶಬ್ದವನ್ನು ಬದುಕಿನಲ್ಲಿ ಒಮ್ಮೆಯೂ ಕೇಳಿದವರಲ್ಲ.

ಮಗಳ ಮೇಲೆ ಸಿಟ್ಟು ಮಾಡುವಂತಿರಲಿಲ್ಲ. ಅವಳು ತಾನಾಗಿ ಕಲ್ಪಿಸಿ ಹೇಳಿದ ಮಾತಲ್ಲ ಅದು. ಹಿಂದಿನ ವಾರವಷ್ಟೇ ನಾವೆಲ್ಲ ಹೋಗಿದ್ದ ಒಂದು ದೊಡ್ಡ ಹೋಟೆಲಿನ ತಿಂಡಿಪಟ್ಟಿಯಲ್ಲಿ ಮೆದು ವಡೆಯ ಹೆಸರಿನ ಕೆಳಗೆ, ಬೇಳೆಯಿಂದ ಮಾಡಿದ ಖಾರದ ಡೋನಟ್ ಎಂದು ಇಂಗ್ಲಿಷಿನಲ್ಲಿ ವಿವರಣೆ ಅಚ್ಚಾಗಿತ್ತು. ಇಂಗ್ಲಿಷ್ ಅಡಿಗೆ ಪುಸ್ತಕಗಳಲ್ಲಿ ಈ ವಿವರಣೆ ಎಷ್ಟೋ ವರ್ಷಗಳಿಂದ ಇದೆ. ಪರದೇಶದವರಿಗೆ ತಿಳಿಯಲೆಂದು ಹುಟ್ಟಿದ ಹೋಲಿಕೆ ಈಗ ನಮ್ಮ ಮಕ್ಕಳಿಗೇ ತಿಳಿವಳಿಕೆ ಕೊಡಲು ಬಂದಿದೆ. ಆದ್ದರಿಂದ ಈ ಹೋಲಿಕೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂದು ಪರೀಕ್ಷಿಸುವುದು ಅಗತ್ಯವೆನಿಸಿತು. ಎದುರು ಪಕ್ಷಕ್ಕೆ ಅನ್ಯಾಯವಾಗಬಾರದಷ್ಟೆ. ಮೊದಲು ಡೋನಟ್ಟಿನ ಕುಲಗೋತ್ರ ನೋಡೋಣ.

ಹಾಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದ ಡಚ್ ಕುಟುಂಬಗಳು ಸಿಹಿ ಹಿಟ್ಟಿನ ಉಂಡೆಗಳನ್ನು ಹಂದಿಯ ಕೊಬ್ಬಿನಲ್ಲಿ ಕರಿದು ತಿನ್ನುತ್ತಿದ್ದರು. ಅದಕ್ಕೆ ಅವರು ಇಟ್ಟಿದ್ದ ಹೆಸರಿನ ಅರ್ಥ ಎಣ್ಣೆ ಕಡುಬು ಎಂದು. ವಾಷಿಂಗ್ಟನ್ ಇರ್ವಿಂಗ್ ಎಂಬ ಲೇಖಕ 1809ರಲ್ಲಿ ಬರೆದ ನ್ಯೂಯಾರ್ಕಿನ ವಿನೋದ ಚರಿತ್ರೆಯಲ್ಲಿ ಈ ಉಂಡೆಗಳಿಗೆ ಡೋನಟ್ ಎಂಬ ಹೆಸರು ಸಿಗುತ್ತದೆ. ಅದು ಉಂಡೆಯಾಗಿಯೇ ಇತ್ತು, ತೂತಿನ ಸುದ್ದಿ ಇನ್ನೂ ಇಲ್ಲ. 1847ರಲ್ಲಿ ತಾನು ಹದಿಹರೆಯದ ಹಡಗಿನ ಹುಡುಗನಾಗಿದ್ದಾಗ ಮೆಣಸಿನ ಡಬ್ಬಿಯ ತಗಡಿನ ಮುಚ್ಚಳದಿಂದ ಮೊದಲ ತೂತು ಕತ್ತರಿಸಿದೆನೆಂದು ಹ್ಯಾನ್ಸನ್ ಗ್ರೆಗರಿ ಎಂಬ ಕಪ್ತಾನ ತನ್ನ ಮುಪ್ಪಿನಲ್ಲಿ ಪತ್ರಿಕೆಯವರಿಗೆ ಹೇಳಿಕೊಂಡ. ಕಾರಣ ಸರಳ: ಅಂಚು ಬೆಂದರೂ ನಡುವೆ ಹಿಟ್ಟು ಹಸಿಯಾಗಿ ಉಳಿಯುತ್ತಿತ್ತಂತೆ. ಇದಕ್ಕೆ ಅವನ ಮಾತೇ ಸಾಕ್ಷಿ. ಮೊದಲನೆಯ ಮಹಾಯುದ್ಧದಲ್ಲಿ, 1917ರಲ್ಲಿ, ಫ್ರಾನ್ಸಿನ ಯುದ್ಧಭೂಮಿಯ ಹತ್ತಿರ ಸಾಲ್ವೇಶನ್ ಆರ್ಮಿಯ ಹೆಂಗಸರು ಸಿಪಾಯಿಗಳಿಗೆ ಡೋನಟ್ ಕರಿದು ಕೊಟ್ಟರು. ಯುದ್ಧ ಮುಗಿಸಿ ಮರಳಿದ ಸಿಪಾಯಿಗಳು ಅದರ ರುಚಿಯನ್ನೂ ಊರಿಗೆ ತಂದರು. 1920ರಲ್ಲಿ ನ್ಯೂಯಾರ್ಕಿನ ಅಡಾಲ್ಫ್ ಲೆವಿಟ್ ಎಂಬಾತ ಡೋನಟ್ ಮಾಡುವ ಯಂತ್ರ ಕಂಡುಹಿಡಿದ. ಅಲ್ಲಿಂದ ಮುಂದೆ ಅದು ಅಮೆರಿಕದ ಜನಸಾಮಾನ್ಯರ ತಿಂಡಿಯಾಯಿತು.

ಜನಸಾಮಾನ್ಯರ ತಿಂಡಿ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. ಮ್ಯಾಸಚೂಸೆಟ್ಸಿನ ವಿಲಿಯಂ ರೋಸನ್‌ಬರ್ಗ್ ಕಾರ್ಖಾನೆಯ ಕೆಲಸಗಾರರಿಗೆ ಗಾಡಿಯಲ್ಲಿ ತಿಂಡಿ ಮಾರುತ್ತಿದ್ದಾಗ, ಕಾಫಿ ಮತ್ತು ಡೋನಟ್ಟಿಗೇ ಹೆಚ್ಚು ಗಿರಾಕಿ ಎಂದು ಕಂಡು 1948ರಲ್ಲಿ ಕ್ವಿನ್ಸಿ ಎಂಬಲ್ಲಿ ಅಂಗಡಿ ತೆರೆದ. 1950ರಲ್ಲಿ ಅದೇ ಡಂಕಿನ್ ಡೋನಟ್ಸ್ ಆಯಿತು. ಡಂಕಿನ್ ಎಂದರೆ ಕಾಫಿಯಲ್ಲಿ ಅದ್ದುವುದು. 1934ರ ಒಂದು ಹಾಲಿವುಡ್ ಚಿತ್ರದಲ್ಲಿ ಕ್ಲಾರ್ಕ್ ಗೇಬಲ್, ಸಾಹುಕಾರನ ಮಗಳಿಗೆ ಡೋನಟ್ಟನ್ನು ಕಾಫಿಯಲ್ಲಿ ಅದ್ದುವುದು ಹೇಗೆಂದು ಪಾಠ ಹೇಳುತ್ತಾನೆ. ಬಡವರ ತಿಂಡಿ ತಿನ್ನಲು ಶ್ರೀಮಂತರಿಗೆ ಬರುವುದಿಲ್ಲ ಎಂಬುದೇ ಅಲ್ಲಿಯ ಹಾಸ್ಯ.

ಇನ್ನು ತೂತಿನ ವಿಷಯ. ನಾವು ಓದಿದ ಬಿ.ಎಸ್ಸಿ. ಇಪ್ಪತ್ತು ವರ್ಷ ಸರ್ಕಾರದ ಕಡತಗಳ ಮಧ್ಯೆ ಕೆಲಸಕ್ಕೆ ಬಂದದ್ದಿಲ್ಲ, ಇಲ್ಲಾದರೂ ಬರಲಿ. ಕರಿಯುವ ಎಣ್ಣೆಯ ಬಿಸಿ ಸುಮಾರು 180 ಡಿಗ್ರಿ ಸೆಲ್ಸಿಯಸ್. ಆದರೆ ಹಿಟ್ಟಿನೊಳಗೆ ನೀರಿನ ಪಸೆ ಇರುವಷ್ಟು ಹೊತ್ತೂ ಅಲ್ಲಿಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಹೊರಮೈ ಕೆಂಪಾಗಿ ಕರಿಯಾಗತೊಡಗಿದರೂ ನಡುಭಾಗ ಹಸಿಯಾಗಿರಬಹುದು. ಬಿಸಿ ಒಳಗೆ ಇಳಿಯಲು ಬೇಕಾಗುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ದಪ್ಪ ಅರ್ಧವಾದರೆ ಸಮಯ ಕಾಲುಭಾಗ ಸಾಕು. ನಡುವೆ ತೂತು ಮಾಡಿದೊಡನೆ ಎಣ್ಣೆ ಎರಡು ಕಡೆಯಿಂದಲೂ ಮುತ್ತಿಗೆ ಹಾಕಿ, ಎಲ್ಲವೂ ಒಂದೇ ಹದವಾಗಿ ಬೇಯುತ್ತದೆ. ಈ ಮಟ್ಟಿಗೆ ಕಪ್ತಾನನ ತೂತು, ನಮ್ಮ ತಾಯಿಯವರ ತೂತು ಎರಡೂ ಒಂದೇ. ನಿಸರ್ಗದ ನಿಯಮಕ್ಕೆ ಕುಲಗೋತ್ರವಿಲ್ಲ. ಒಂದೇ ತೊಡಕಿಗೆ ಇಬ್ಬರೂ ಬೇರೆಬೇರೆಯಾಗಿ ಒಂದೇ ಪರಿಹಾರ ಕಂಡುಕೊಂಡರು. ಅಷ್ಟಕ್ಕೇ ಒಬ್ಬರು ಇನ್ನೊಬ್ಬರ ಸಂತಾನವಾಗುವುದಿಲ್ಲ.

ಏಕೆಂದರೆ ತೂತನ್ನು ತೆಗೆದು ನೋಡಿದರೆ ಎರಡರಲ್ಲಿ ಹೋಲಿಕೆಯೇ ಉಳಿಯುವುದಿಲ್ಲ. ಡೋನಟ್ ಮೈದಾ ಹಿಟ್ಟಿನದು. ಅದನ್ನು ಉಬ್ಬಿಸುವುದು ಯೀಸ್ಟು ಅಥವಾ ಬೇಕಿಂಗ್ ಪೌಡರು. ವಡೆಗೆ ಉದ್ದಿನ ಬೇಳೆ. ಅದನ್ನು ಹುದುಗಲು ಬಿಡುವುದೂ ಇಲ್ಲ. ಉದ್ದಿನಲ್ಲಿರುವ ಲೋಳೆಯಂಥ ಅಂಟು, ರುಬ್ಬುವಾಗ ಸೇರುವ ಗಾಳಿಯನ್ನು ಸಣ್ಣ ಸಣ್ಣ ಗುಳ್ಳೆಗಳಾಗಿ ಹಿಡಿದಿಡುತ್ತದೆ. ಬಿಸಿ ಎಣ್ಣೆಯಲ್ಲಿ ಆ ಗಾಳಿಯೂ ನೀರಿನ ಆವಿಯೂ ಹಿಗ್ಗಿದಾಗ ವಡೆ ಉಬ್ಬುತ್ತದೆ. ಹಿಟ್ಟಿನ ಒಂದು ತೊಟ್ಟನ್ನು ನೀರಿಗೆ ಬಿಟ್ಟು, ಅದು ತೇಲಿದರೆ ಹದ ಬಂತೆಂದು ನಮ್ಮ ತಾಯಿಯವರು ಹೇಳುತ್ತಿದ್ದರು. ಆರ್ಕಿಮಿಡೀಸನ ತತ್ತ್ವವನ್ನು ನಾವು ಕಾಲೇಜಿನಲ್ಲಿ ಓದುವುದಕ್ಕೆ ಎಷ್ಟೋ ಮೊದಲು ಹಿತ್ತಲ ಒರಳಿನ ಬಳಿ ಪ್ರಯೋಗಸಹಿತ ನೋಡಿದ್ದೆವು. ಒದ್ದೆ ಅಂಗೈ ಮೇಲೆ ಹಿಟ್ಟು ತಟ್ಟಿ, ಹೆಬ್ಬೆರಳಿನಿಂದ ತೂತು ಮಾಡಿ, ಅಂಗೈ ಮಗುಚಿ ಎಣ್ಣೆಗೆ ಜಾರಿಸುವ ಆ ಕೈಚಳಕವನ್ನು ಯಂತ್ರಕ್ಕೆ ಕಲಿಸುವುದು ಸುಲಭವಲ್ಲ. ಒಂದು ವಡೆಯಂತೆ ಇನ್ನೊಂದು ವಡೆ ಇರುವುದಿಲ್ಲ. ಡೋನಟ್ಟುಗಳೋ, ಒಂದೇ ಟಂಕಸಾಲೆಯಲ್ಲಿ ಹೊಡೆದ ನಾಣ್ಯಗಳ ಹಾಗೆ.

ಡೋನಟ್ಟಿಗೆ ನಮ್ಮಲ್ಲಿ ನಂಟರು ಬೇಕೇ ಬೇಕೆಂದರೆ ಬಾದುಷಾ ಇದೆ. ಅದೂ ಮೈದಾದ್ದು, ಅದನ್ನೂ ಕರಿಯುವುದು, ಅದಕ್ಕೂ ಸಕ್ಕರೆ ಪಾಕದ ಹೊದಿಕೆ. ಬಾದುಷಾ ಮಾಡುವವರು ನಡುವೆ ಹೆಬ್ಬೆರಳು ಒತ್ತಿ ಕುಳಿ ಮಾಡುವುದೂ ನಡುಭಾಗ ಬೇಯಲೆಂದೇ. ಆದರೂ ಬಾದುಷಾವನ್ನು ಬಿಟ್ಟು ವಡೆಯನ್ನು ಡೋನಟ್ಟಿನ ತಮ್ಮನೆಂದು ಕರೆದದ್ದು ಏಕೆ? ಹೊರಗಿನಿಂದ ಬಂದವರ ಕಣ್ಣಿಗೆ ಮೊದಲು ಬಿದ್ದದ್ದು ತೂತು, ಅಷ್ಟೆ. ತೂತು ನೋಡಿ ತಿಂಡಿಯ ಜಾತಿ ನಿರ್ಣಯಿಸುವುದಾದರೆ ನಮ್ಮ ಕೋಡುಬಳೆ ಏನಾಗಬೇಕು? ನಂಗನಲ್ಲೂರಿನ 32 ಅಡಿಯ ಆಂಜನೇಯನಿಗೆ ದಾರದಲ್ಲಿ ಪೋಣಿಸಿ ಹಾಕುವ ವಡೆಹಾರ ಏನಾಗಬೇಕು? ಬೆಂಗಳೂರು ಮೈಸೂರು ರೈಲು ದಾರಿಯ ಮದ್ದೂರು ವಡೆಗಂತೂ ತೂತೇ ಇಲ್ಲ. 1917ರಲ್ಲಿ ಮದ್ದೂರು ನಿಲ್ದಾಣದಲ್ಲಿ ತಿಂಡಿ ಅಂಗಡಿ ಇಟ್ಟಿದ್ದ ರಾಮಚಂದ್ರ ಬುಧ್ಯ ಅವರಿಂದ ಅದು ಹುಟ್ಟಿತೆಂದು ಹೇಳುತ್ತಾರೆ. ತೆಳ್ಳಗೆ ತಟ್ಟಿದ್ದರಿಂದ ಅದು ತೂತಿಲ್ಲದೆಯೂ ಬೇಯುತ್ತದೆ. ಕಡಲೆಬೇಳೆಯ ಆಂಬೊಡೆಗೂ ತೂತಿಲ್ಲ. ವಡೆಯ ವಡೆತನ ತೂತಿನಲ್ಲಿ ಇಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವಡೆಯ ವಯಸ್ಸನ್ನು ಕೇಳುವವರು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವನ್ನು ನೋಡಬಹುದು. ಹನ್ನೆರಡನೆಯ ಶತಮಾನದ ಆ ಸಂಸ್ಕೃತ ಗ್ರಂಥದ ಅಡಿಗೆಯ ಭಾಗದಲ್ಲಿ ಉದ್ದಿನ ಹಿಟ್ಟಿನಿಂದ ಮಾಡಿ ಕರಿದ ವಟಿಕಾ, ಘಾರಿಕಾ ಎಂಬ ತಿಂಡಿಗಳಿವೆ. ವಡೆ ಎಂಬ ನಮ್ಮ ಮಾತಿಗೂ, ಉದ್ದಿನ ವಡೆಗೆ ನಮ್ಮ ನೆರೆಯ ತೆಲುಗರು ಹೇಳುವ ಗಾರೆ ಎಂಬ ಮಾತಿಗೂ ಇವು ನೆಂಟು ಎನಿಸದೆ ಇರುವುದಿಲ್ಲ. ಇಲ್ಲಿ ನಾವು ಕನ್ನಡದ ಅಭಿಮಾನದಿಂದ ವಡೆಯನ್ನು ನಮ್ಮದೊಂದೇ ಎಂದು ಕಟ್ಟಿಕೊಳ್ಳಲೂ ಹೊರಟಿಲ್ಲ. ನಮ್ಮ ಉದ್ದು, ತಮಿಳರ ಉಳುಂದು ಒಂದೇ ಬೇರಿನ ಶಬ್ದಗಳು. ಮೆದು ಎಂಬುದು ಎರಡು ಭಾಷೆಯಲ್ಲಿಯೂ ಮೆತ್ತಗಿನದು. ಒಂದೇ ಒರಳನ್ನು ನಾಲ್ಕು ಮನೆಯವರು ಬಳಸಿದ ಹಾಗೆ ನಾಲ್ಕು ಭಾಷೆಯವರು ಈ ತಿಂಡಿಯನ್ನು ಬಳಸುತ್ತ ಬಂದಿದ್ದಾರೆ.

ಹೊರಗಿನದನ್ನು ಒಳಗೆ ಕರೆದುಕೊಳ್ಳಲು ನಮ್ಮ ಜನಕ್ಕೆ ಬರುವುದಿಲ್ಲ ಎಂದೂ ಯಾರೂ ಹೇಳಬಾರದು. ಈಸೋಪನ ಕಾಗೆ ನರಿಯ ಕಥೆಯಲ್ಲಿ ಕಾಗೆಯ ಬಾಯಿಯಲ್ಲಿರುವುದು ಚೀಸಿನ ತುಂಡು. ಆ ಕಥೆ ತಮಿಳುನಾಡಿಗೆ ಬಂದಾಗ, ಮರದಡಿ ವಡೆ ಮಾರುವ ಒಬ್ಬ ಅಜ್ಜಿ ಹುಟ್ಟಿಕೊಂಡಳು. ಕಾಗೆ ಅವಳ ವಡೆಯನ್ನು ಕದ್ದು ಹಾರಿತು. ಚೆನ್ನೈಯಲ್ಲಿ ಬೆಳೆದ ನಮ್ಮ ಮಕ್ಕಳೆಲ್ಲ ಈ ಕಥೆ ಕೇಳಿದವರೇ. ಯಾರೂ ಆ ಮಕ್ಕಳಿಗೆ ವಡೆ ಎಂದರೆ ಖಾರದ ಚೀಸ್ ಎಂದು ವಿವರಿಸಲಿಲ್ಲ! ಕಥೆ ನಮ್ಮ ಮನೆಗೆ ಬಂತು, ನಮ್ಮ ತಿಂಡಿ ತಿಂದಿತು, ನಮ್ಮದಾಯಿತು. ಅತಿಥಿಯನ್ನು ಬರಮಾಡಿಕೊಳ್ಳುವ ರೀತಿ ಅದು. ಈಗ ನಡೆಯುತ್ತಿರುವುದು ಅದರ ತಿರುಗುಮುರುಗು. ಅತಿಥಿ ಬಂದು ಕುಳಿತಿದ್ದಾನೆ, ಮನೆಯವರು ತಮ್ಮ ಹೆಸರನ್ನು ಅವನ ಹೆಸರಿನ ಮೂಲಕ ಹೇಳಿಕೊಳ್ಳುತ್ತಿದ್ದಾರೆ.

ಈ ಊರಿನ ಕನ್ನಡಿಗರಾದ ನಮಗೆ ಇದು ಹೆಚ್ಚಾಗಿ ತಟ್ಟಬೇಕು. ಮದರಾಸಿನಲ್ಲಿ ವಡೆಯನ್ನು ಬೆಳ್ಳಿ ಲೋಟದ ಮರ್ಯಾದೆಗೆ ಏರಿಸಿದವರಲ್ಲಿ ನಮ್ಮವರಿದ್ದಾರೆ. ದಕ್ಷಿಣ ಕನ್ನಡದ ಕಡಂದಲೆಯಿಂದ ಬಂದು, ಹೋಟೆಲಿನ ಅಡಿಗೆಮನೆಯ ಕೆಲಸದಿಂದ ಮೇಲೆ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ರಾಮನಾಥಪುರದ ರಾಜರ ಬಂಗಲೆಯನ್ನು ಬಾಡಿಗೆಗೆ ಹಿಡಿದು ವುಡ್‌ಲ್ಯಾಂಡ್ಸ್ ತೆರೆದರು. 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ಅವರ ಡ್ರೈವ್ ಇನ್ ಪ್ರಾರಂಭವಾಯಿತು. ಕಾರಿನಲ್ಲಿ ಕುಳಿತವರಿಗೆ ಕಾರಿನ ಬಳಿಗೇ ತಿಂಡಿ ಬರುತ್ತಿತ್ತು. ಕಾರಿಲ್ಲದ ನಾವು 2004ರಲ್ಲಿ ಈ ಊರಿಗೆ ಕೆಲಸಕ್ಕೆ ಬಂದ ಹೊಸತರಲ್ಲಿ ಸಂಬಳದ ದಿನ ಅಲ್ಲಿಗೆ ಹೋಗಿ, ಮರದ ನೆರಳಿನಲ್ಲಿ ಒಂದು ಸಾಂಬಾರ್ ವಡೆ ತಿಂದು ಊರಿನ ನೆನಪನ್ನು ನುಂಗುತ್ತಿದ್ದೆವು. 2008ರಲ್ಲಿ ಅದು ಮುಚ್ಚಿತು. 2010ರಲ್ಲಿ ಆ ಜಾಗ ಸೆಮ್ಮೊಳಿ ಪೂಂಗಾ, ಎಂದರೆ ಶಾಸ್ತ್ರೀಯ ಭಾಷೆಯ ಉದ್ಯಾನವಾಯಿತು. ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಬಂದದ್ದೂ 2008ರಲ್ಲಿಯೇ. ಸ್ಥಾನ ಬಂತು, ಸಾಂಬಾರ್ ವಡೆ ಹೋಯಿತು ಎಂದು ನಾವು ಆಗ ಸ್ನೇಹಿತರಲ್ಲಿ ನಗೆಯಾಡಿದ್ದುಂಟು.

ಅದೇ 2008ರಲ್ಲಿ ಮ್ಯಾಡ್ ಓವರ್ ಡೋನಟ್ಸ್ ಭಾರತದಲ್ಲಿ ಅಂಗಡಿ ತೆರೆಯಿತು. 2012ರಲ್ಲಿ ಡಂಕಿನ್ ದೆಹಲಿಗೆ ಬಂತು, 2013ರಲ್ಲಿ ಕ್ರಿಸ್ಪಿ ಕ್ರೀಮ್ ಬೆಂಗಳೂರಿಗೆ ಬಂತು. ಡೋನಟ್ ಬಂದದ್ದಕ್ಕೆ ನಮ್ಮ ತಕರಾರಿಲ್ಲ. ಇಡೀ ಲೋಕಕ್ಕೆ ದೋಸೆ ಕಳಿಸಿದವರು ಬಾಗಿಲು ಹಾಕಿಕೊಳ್ಳುವುದು ನ್ಯಾಯವಲ್ಲ. ತಕರಾರು ಅದು ಬಂದ ರೀತಿಯ ಮೇಲೆ. ತನ್ನ ಊರಿನಲ್ಲಿ ಅದು ಸಿಪಾಯಿಯ ತಿಂಡಿ, ಕಾರ್ಖಾನೆಯವನ ತಿಂಡಿ, ರಾತ್ರಿ ಪಾಳಿಯ ಪೊಲೀಸಿನವನ ತಿಂಡಿ. 1989ರಿಂದ ಟಿ.ವಿ.ಯಲ್ಲಿ ಬರುತ್ತಿರುವ ಹೋಮರ್ ಸಿಂಪ್ಸನ್ ಎಂಬ ವ್ಯಂಗ್ಯಚಿತ್ರದ ಹೊಟ್ಟೆಬಾಕ ಗೃಹಸ್ಥ ಅದಕ್ಕೆ ಪ್ರಾಣ ಬಿಡುತ್ತಾನೆ. ನಮ್ಮಲ್ಲಿಗೆ ಬರುವಾಗ ಅದು ಆ ಕೆಲಸದ ಬಟ್ಟೆ ಕಳಚಿ, ಬಣ್ಣದ ಪೆಟ್ಟಿಗೆಯಲ್ಲಿ ಕುಳಿತು, ಮಾಲಿನ ಹವಾನಿಯಂತ್ರಣದಲ್ಲಿ ಇಳಿಯಿತು. ಹುಟ್ಟುಹಬ್ಬಕ್ಕೆ ಹಂಚುವ ಪದಾರ್ಥವಾಯಿತು.

ಅಮೆರಿಕದಲ್ಲಿ ಡೋನಟ್ಟಿಗಿರುವ ಸ್ಥಾನ ಚೆನ್ನೈಯಲ್ಲಿ ಯಾರಿಗಿದೆ ಎಂದು ಕೇಳಿದರೆ ಉತ್ತರ ಬೆಳಗಿನ ಆರು ಗಂಟೆಗೆ ಯಾವ ಟೀ ಅಂಗಡಿಯ ಮುಂದೆ ನಿಂತರೂ ಸಿಗುತ್ತದೆ. ಆಟೋದವರು, ಕಟ್ಟಡದ ಕೆಲಸದವರು, ಹಾಲಿನವರು ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯಲ್ಲಿ ಕಾಗದದ ಚೂರಿನ ಮೇಲೆ ವಡೆ ಹಿಡಿದು ನಿಂತಿರುತ್ತಾರೆ. ಮಧ್ಯಾಹ್ನ ಮೂರೂವರೆಗೆ ನಮ್ಮ ಕಚೇರಿಯ ಕ್ಯಾಂಟೀನಿನಲ್ಲಿಯೂ ಅಷ್ಟೆ. ವಡೆ ಬಂತೆಂದರೆ ಅಧಿಕಾರಿಗಳಿಂದ ಜವಾನರವರೆಗೆ ಒಂದೇ ಸಾಲು. ಆದ್ದರಿಂದ ನಮ್ಮ ತೀರ್ಮಾನ ಇದು: ಹಿಟ್ಟಿನಲ್ಲಿ, ರುಚಿಯಲ್ಲಿ, ಹುಟ್ಟಿನಲ್ಲಿ ವಡೆಗೂ ಡೋನಟ್ಟಿಗೂ ನಂಟಿಲ್ಲ. ನಂಟಿರುವುದು ದುಡಿಯುವವನ ಹೊಟ್ಟೆಯಲ್ಲಿ ಮಾತ್ರ. ತಿಂಡಿಪಟ್ಟಿಗಳು ಇಲ್ಲದ ಹೋಲಿಕೆಯನ್ನು ಎತ್ತಿ ಹಿಡಿದು, ಇರುವ ಹೋಲಿಕೆಯನ್ನು ಮುಚ್ಚಿಟ್ಟಿವೆ. ಪರಿಣಾಮವಾಗಿ ಬೀದಿಯಲ್ಲಿ ಎಲ್ಲರಿಗೂ ಸಿಗುವ ವಡೆ ತನ್ನ ಪರಿಚಯಕ್ಕೆ ಮಾಲಿನ ಡೋನಟ್ಟಿನ ಶಿಫಾರಸು ಪತ್ರ ತರಬೇಕಾಗಿದೆ. ಡಂಕಿನ್ ಕಂಪೆನಿಯೋ 2019ರಲ್ಲಿ ತನ್ನ ಹೆಸರಿನಿಂದ ಡೋನಟ್ಸ್ ಎಂಬ ಮಾತನ್ನೇ ತೆಗೆದುಹಾಕಿತು. ಅವರೇ ಬಿಟ್ಟ ಹೆಸರನ್ನು ನಾವು ವಡೆಯ ಕೊರಳಿಗೆ ಕಟ್ಟುತ್ತಿದ್ದೇವೆ.

ವಿಮರ್ಶೆ ಮಾಡುವವರು ತಿನ್ನದೆ ಬರೆದರೆಂಬ ಮಾತು ಬರಬಾರದೆಂದು ನಾವು ಡೋನಟ್ ತರಿಸಿ ತಿಂದೆವು. ಚಾಕೊಲೇಟು ಬಳಿದದ್ದಕ್ಕಿಂತ ಬರೀ ಸಕ್ಕರೆ ಪಾಕದ್ದು ಮೇಲು. ಮೆತ್ತಗಿದೆ, ಘಮಘಮಿಸುತ್ತದೆ, ಕಾಫಿಯಲ್ಲಿ ಅದ್ದಿದರೆ ಅದರ ಗುಣ ತಿಳಿಯುತ್ತದೆ. ಎರಡನೆಯದನ್ನು ಮುಗಿಸಲು ನಮ್ಮಿಂದಾಗಲಿಲ್ಲ. ಪೆಟ್ಟಿಗೆಯಲ್ಲಿ ಕುಳಿತು ಆರಿದ ಡೋನಟ್ಟಿನಿಂದ ಡೋನಟ್ಟಿನ ಬೆಲೆ ಕಟ್ಟುವುದು, ಸಂಜೆಗೆ ಉಳಿದ ವಡೆಯಿಂದ ವಡೆಯ ಬೆಲೆ ಕಟ್ಟಿದಂತೆ. ಎರಡೂ ಬಾಣಲೆಯಿಂದ ಎತ್ತಿದ ಐದು ನಿಮಿಷದೊಳಗೆ ತಿನ್ನಬೇಕಾದವು.

ಇಷ್ಟು ಹೇಳಿ ನಿಲ್ಲಿಸಿದ್ದರೆ ಲೇಖನ ನಮಗೆ ಅನುಕೂಲವಾಗಿಯೇ ಮುಗಿಯುತ್ತಿತ್ತು. ಆದರೆ ಈ ಮಾತುಗಳನ್ನೆಲ್ಲ ಮಗಳ ಮುಂದೆ ಹೇಳಿದಾಗ ಅವಳು ಸಾವಧಾನವಾಗಿ ಕೇಳಿ, "ಅಪ್ಪ, ನಮ್ಮನೇಲಿ ವಡೆ ಮಾಡಿದ್ದು ಯಾವಾಗ?" ಎಂದಳು. ನಾವು ನಮ್ಮಾಕೆಯ ಮುಖ ನೋಡಿದೆವು. ಅವರು ಹೆಂಚಿನ ಮುಖ ನೋಡಿದರು. ಹಬ್ಬಕ್ಕೆ ಹೋಟೆಲಿನಿಂದ ತರುತ್ತೇವೆ, ಶ್ರಾದ್ಧಕ್ಕೆ ಅಡಿಗೆಯವರು ಮಾಡುತ್ತಾರೆ, ದೋಸೆ ಹಿಟ್ಟೇ ಪೊಟ್ಟಣದಲ್ಲಿ ಬರುತ್ತದೆ. ನಮ್ಮ ತಾಯಿಯವರು ಈ ಮನೆಗೆ ಬಂದಾಗಲೆಲ್ಲ ಉದ್ದು ನೆನೆಹಾಕಲೇ ಎಂದು ಕೇಳುತ್ತಿದ್ದರು. ನಿಮಗೆ ಶ್ರಮ ಬೇಡ, ಕೆಳಗೇ ಹೋಟೆಲಿದೆ ಎಂದು ಹೇಳುತ್ತಿದ್ದವರು ನಾವೇ. ಅವರು ತೊಟ್ಟು ಹಿಟ್ಟನ್ನು ನೀರಿಗೆ ಬಿಡುವುದನ್ನು ಮೊಮ್ಮಗಳು ಒಮ್ಮೆಯೂ ನೋಡಲಿಲ್ಲ. ನೋಡದೆ ಇದ್ದವಳು ತಿಂಡಿಪಟ್ಟಿಯಲ್ಲಿ ಓದಿದ್ದನ್ನಲ್ಲದೆ ಮತ್ತೇನು ಹೇಳಿಯಾಳು? ಹೋಟೆಲಿನವರು ತಮ್ಮ ವ್ಯಾಪಾರಕ್ಕೆ ಒಂದು ಸಾಲು ಅಚ್ಚುಹಾಕಿಸಿದರು. ಆ ಸಾಲು ಬಂದು ಕುಳಿತುಕೊಳ್ಳಲು ಜಾಗ ಖಾಲಿ ಇಟ್ಟಿದ್ದವರು ನಾವು.

ಮುಂದಿನ ಭಾನುವಾರ ಉದ್ದು ನೆನೆಹಾಕಿದೆವು. ಒರಳಿಲ್ಲ, ಕೊಯಮತ್ತೂರಿನ ಗ್ರೈಂಡರು. ಮೊದಲನೆಯ ತೊಟ್ಟು ಮುಳುಗಿತು, ಇನ್ನೂ ಹತ್ತು ನಿಮಿಷ ತಿರುಗಿಸಿದ ಮೇಲೆ ತೇಲಿತು. ಮಗಳು ತಟ್ಟಿದ ಮೊದಲ ವಡೆಯ ತೂತು ಎಣ್ಣೆಗೆ ಬಿಡುವಷ್ಟರಲ್ಲಿ ಮುಚ್ಚಿಹೋಯಿತು. ಮುರಿದು ನೋಡಿದರೆ ನಡುವೆ ಹಸಿಹಿಟ್ಟು. ಕಪ್ತಾನನ ಕಷ್ಟ ಅವಳಿಗೆ ಆಗ ಅರ್ಥವಾಯಿತು. ಏಳನೆಯದೋ ಎಂಟನೆಯದೋ ಸರಿಯಾಗಿ ಬಂತು. ಅದರ ಚಿತ್ರ ತೆಗೆದು ನ್ಯೂಜೆರ್ಸಿಗೆ ಕಳಿಸಿದಳು. ಕೆಳಗೆ ಏನು ಬರೆದಳೆಂದು ಇಣುಕಿ ನೋಡಿದೆವು. ಇಂಗ್ಲಿಷ್ ಅಕ್ಷರದಲ್ಲಿ 'ಅಜ್ಜಿ ವಡೆ' ಎಂದು ಬರೆದಿದ್ದಳು, ಮತ್ತೇನೂ ವಿವರಣೆ ಇರಲಿಲ್ಲ.

ನಮ್ಮ ಸಂಘದ ರಾಜ್ಯೋತ್ಸವದ ಉಪಾಹಾರದಲ್ಲಿ ಮಕ್ಕಳಿಗೆ ಡೋನಟ್ ಕೊಡಿಸಬೇಕೆಂದು ಕೆಲವು ಪೋಷಕರು ಕೇಳುತ್ತಿದ್ದಾರೆಂದು ತಿಳಿಯಿತು. ಕೊಡಿಸಲಿ, ಮಕ್ಕಳಿಗೆ ಇಷ್ಟವಾದದ್ದನ್ನು ನಾವು ಏಕೆ ತಡೆಯಬೇಕು? ಆದರೆ ಪಕ್ಕದಲ್ಲಿ ಒಂದು ಬಾಣಲೆಯನ್ನೂ ಇಡಿಸಬೇಕು, ಮಕ್ಕಳು ಬಂದು ತಾವೇ ಒಂದೊಂದು ವಡೆ ತಟ್ಟುವಂತಾಗಬೇಕು ಎಂಬುದು ನಮ್ಮ ವಿನಂತಿ. ಎಣ್ಣೆಯ ಬಳಿ ನಿಲ್ಲಲು ದೊಡ್ಡವರೊಬ್ಬರು ಬೇಕಾಗುತ್ತದೆ. ಆ ಕೆಲಸಕ್ಕೆ ನಾವು ಸಿದ್ಧರಿದ್ದೇವೆ.